ಗಾಜಿನೊಳಗೆ ಲಲಿತಾಳ ಬಾಗಿನ

ಸಿಂಗಪುರದ ಈ ಪುಟ್ಟ ಮ್ಯೂಸಿಯಂ ವಲಸೆ ಬಂದವರ ಮನೆಸಾಮಾನಿನದು. ಏಸಿಯ ಚಳಿಗೆ ಸೆರಗು ಹೊದ್ದು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದೇನೆ. ಒಳಗಿರುವುದು ನಾನು ಮೈಸೂರಿನಿಂದ ತಂಗಿ ಲಲಿತಾಳಿಗೆ ಕೊರಿಯರ್ ಮಾಡಿದ್ದ ಗೌರಿ ಬಾಗಿನ. ಎರಡು ಮೊರಗಳನ್ನೂ ಬೇರೆ ಮಾಡಿ ಬಳೆ, ಬಿಚ್ಚೋಲೆ, ಕನ್ನಡಿ, ಕುಂಕುಮದ ಭರಣಿಯನ್ನೆಲ್ಲ ವೆರಿ ನೀಟ್ ಆಗಿ ಜೋಡಿಸಿದ್ದಾರೆ.

ಲಲಿತಾ ಮಾತ್ರ ಇದನ್ನು ತೆರೆದು ನೋಡಲೇ ಇಲ್ಲ. ಪಾರ್ಸೆಲ್ ತಲುಪುವ ಹೊತ್ತಿಗೆ ಅವಳ ಗಂಡ ತೀರಿಕೊಂಡಿದ್ದರು. ಮುತ್ತೈದೆಗೆಂದು ಬಂದದ್ದನ್ನು ಬಿಚ್ಚಲು ಅವಳಿಗೆ ಕೈ ಬರಲಿಲ್ಲ.

"ಅಮ್ಮ ಪ್ರತಿ ಶುಕ್ರವಾರ ಪಾರ್ಸೆಲ್ ಡಸ್ಟ್ ಮಾಡ್ತಿದ್ರು ದೊಡ್ಡಮ್ಮ. ಓಪನ್ ಮಾಡೋಣ ಅಂದ್ರೆ ಗದರೋರು," ಎಂದಳು ಪಕ್ಕದಲ್ಲಿದ್ದ ಅವಳ ಮಗಳು ಮೇಘನಾ. ಹೋದ ವರ್ಷ ಲಲಿತಾಳೂ ತೀರಿಕೊಂಡ ಮೇಲೆ ಇದನ್ನು ಇಲ್ಲಿಗೆ ಕೊಟ್ಟವಳು ಇವಳೇ. "ಕಾಂಡೋ ಮನೇಲಿಟ್ರೆ ಒಂದಿನ ಕಸಕ್ಕೆ ಹೋಗುತ್ತೆ. ಇಲ್ಲಿ ಸೇಫ್ ಲಾ," ಎಂದಳು ಸಿಂಗಪುರದವರ ಧಾಟಿಯಲ್ಲಿ.

ಬೈಯಲು ಮನಸ್ಸಾಗಲಿಲ್ಲ. ನನ್ನ ಕಣ್ಣು ಮೂಲೆಯಲ್ಲಿದ್ದ ಪೆಪ್ಪರ್‌ಮಿಂಟ್ ಡಬ್ಬಿಯ ಮೇಲಿತ್ತು. ಕಾನ್ವೆಂಟಿನ ಚಾಪೆಲ್‌ನಲ್ಲಿ ಪ್ರೇಯರ್ ನಡೆಯುವಾಗ ನಾವಿಬ್ಬರೂ ಒಂದೇ ಪೆಪ್ಪರ್‌ಮಿಂಟನ್ನು ಕಚ್ಚಿ ಹಂಚಿಕೊಂಡು, ನನ್‌ಗಳ ಕಣ್ಣು ತಪ್ಪಿಸಿ ಚೀಪುತ್ತಿದ್ದೆವು. ಲಲಿತಾ ನೋಡಿ ನಗಲಿ ಎಂದೇ ಬಾಗಿನದ ಅಕ್ಕಿಯ ಕೆಳಗೆ ಈ ಡಬ್ಬಿಯನ್ನು ಬಚ್ಚಿಟ್ಟಿದ್ದೆ. ಈಗ ಅದರ ಮುಂದಿನ ಲೇಬಲ್ಲಿನಲ್ಲಿ ದೇವಿಯ ನೈವೇದ್ಯ ಎಂದು ಇಂಗ್ಲಿಷಿನಲ್ಲಿ ಬರೆದಿದೆ.

"ಇದೂ ಬಾಗಿನಕ್ಕೆ ಇಡಬೇಕಾ ದೊಡ್ಡಮ್ಮ? ನಾನು ಸುಮ್ನೆ ಗೆಸ್ ಮಾಡಿ ಇವ್ರಿಗೆ ನೈವೇದ್ಯ ಅಂತ ಹೇಳ್ಬಿಟ್ಟೆ."

"ಹೂಂ ಕಣೆ, ಇಡಲೇಬೇಕು," ಎಂದೆ. "ನಮ್ಮನೇಲಿ ಅಕ್ಕ ತಂಗಿಗೆ ಇಡ್ತಾಳೆ."