ತಿರುಗದ ತಟ್ಟೆ, ಅತ್ತೆಯ ಒಪ್ಪತ್ತು

ಬಸ್ಸು ಏಕಸಂಬಿ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿ ಆಗಿತ್ತು. ಚಿಕ್ಕೋಡಿಯ ಪತ್ತಿನ ಸಂಘವೊಂದರಲ್ಲಿ ಕ್ಯಾಶಿಯರ್ ಆಗಿರುವ ತ್ರಿಶಲಾ ಮನೆಯೊಳಗೆ ಕಾಲಿಟ್ಟಾಗ ಅತ್ತೆ ಚಂದ್ರಮತಿ ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದರು. ಹಣೆಯ ಮೇಲೆ ಬೆವರು, ಕೈಯಲ್ಲಿ ನಡುಕ. ಮುಂದಿದ್ದ ಕಿಚಡಿ ಹಾಗೇ ಇತ್ತು.

“ಗುಳಿಗಿ ತಗೊಂಡ್ರೇನ್ರಿ ಅತ್ತಿ?”

“ತಗೊಂಡೆ. ಉಣ್ಣಾಕ ಆಗಲಿಲ್ಲ. ಒಂದ್ ಕಡಿ ಬೆಂಕಿ, ಒಂದ್ ಕಡಿ ಥಂಡ. ನಾಲಿಗಿ ಸುಟ್ಟತಿ.”

ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಉಣ್ಣದಿದ್ದರೆ ಏನಾಗುತ್ತದೆಂದು ತ್ರಿಶಲಾಗೆ ಗೊತ್ತಿತ್ತು. ಬೆಲ್ಲದ ಚೂರು ತಂದಳು. ಚಂದ್ರಮತಿ ಮುಖ ತಿರುಗಿಸಿದರು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟದ ಹೆಂಗಸು. ಸೊಸೆ ಅವರ ಗದ್ದ ಹಿಡಿದು ಬೆಲ್ಲವನ್ನು ಬಾಯಿಗೆ ತುರುಕಿದಳು. ತುಸು ಹೊತ್ತಿಗೆ ನಡುಕ ನಿಂತಿತು. ಕಣ್ಣೀರು ನಿಲ್ಲಲಿಲ್ಲ.

ಹಿಂದೊಮ್ಮೆ ಚಂದ್ರಮತಿ ಗ್ಯಾಸ್ ಹಚ್ಚಿ ಮರೆತು ಪಾತ್ರೆ ಕರಕಲಾಗಿತ್ತು. ಅಂದಿನಿಂದ ಒಬ್ಬರೇ ಇದ್ದಾಗ ಒಲೆ ಮುಟ್ಟುವಂತಿರಲಿಲ್ಲ. ಮಗ ಅಭಿನಂದನ ಕಬ್ಬಿನ ಹೊಲದಿಂದ ಬರುವುದು ಕತ್ತಲಾದ ಮೇಲೆ. ಹಗಲಿರುವಾಗಲೇ ಅವ್ವ ತಾನೇ ಸಂಜೆಯ ಊಟ ಬಿಸಿ ಮಾಡಿಕೊಳ್ಳಲಿ ಎಂದು ಗಂಡ ಹೆಂಡತಿ ಮೈಕ್ರೊವೇವ್ ತಂದಿದ್ದರು. ಬಟ್ಟಲಿಟ್ಟು ಗುಂಡಿ ಒತ್ತಿದರೆ ಸಾಕು. ಆದರೆ ಅಂದು ಅದರೊಳಗಿನ ತಟ್ಟೆ ತಿರುಗದೆ ಕಿಚಡಿ ಒಂದೇ ಕಡೆ ಕಾದಿತ್ತು. ಅದು ನಡೆದರೆ ತ್ರಿಶಲಾಳ ನೌಕರಿ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಮರುದಿನ ರವಿವಾರ. ಚಂದ್ರಮತಿ ಬೆಳಿಗ್ಗೆಯೇ ಬಸದಿಗೆ ಹೋದರು. ಚಾತುರ್ಮಾಸಕ್ಕೆ ಮುನಿಗಳೊಬ್ಬರು ಅಲ್ಲಿ ತಂಗಿದ್ದರು. ಇತ್ತ ಅಭಿನಂದನ ಸ್ಕ್ರೂಡ್ರೈವರ್ ಹಿಡಿದು ಬಂದ.

“ತಟ್ಟಿ ತಿರಗವಲ್ದು. ಒಳಗ ಮೋಟರ್ ಹೋಗಿರಬೇಕು. ಬಿಚ್ಚೇ ಬಿಡತೇನಿ.”

“ಬಿಚ್ಚಬ್ಯಾಡ್ರಿ. ಪ್ಲಗ್ ತಗದ್ರೂ ಅದರಾಗ ಕರೆಂಟ್ ಕುಂತಿರತೈತಿ.”

“ಹತ್ತು ಎಚ್‌ಪಿ ಮೋಟರ್ ಬಿಚ್ಚಿದಾಂವ ನಾ. ಇದೇನ್ ಡಬ್ಬಿ.”

“ಡೌಲು ಪಂಪ್‌ಸೆಟ್ಟಿನ ಮುಂದ ತೋರಸ್ರಿ. ಕೈಲೆ ಎತ್ತಾಕ ಬರೂದಷ್ಟ ನಮ್ದು. ಸ್ಕ್ರೂ ಬಂತಂದ್ರ ಮೆಕ್ಯಾನಿಕ್‌ದು.”

ಅವನು ಗೊಣಗುತ್ತ ಸ್ಕ್ರೂಡ್ರೈವರ್ ಕೆಳಗಿಟ್ಟ.

ತ್ರಿಶಲಾ ಪ್ಲಗ್ ಕಿತ್ತು ವೈರನ್ನು ಕಣ್ಣಿಗೆ ಬೀಳುವಂತೆ ಮೇಲಿಟ್ಟಳು. ಒಳಗೆ ತಣ್ಣಗಿದೆಯೆಂದು ನೋಡಿ ಗಾಜಿನ ತಟ್ಟೆ ಎತ್ತಿದಳು. ತಟ್ಟೆಯನ್ನು ಹೊತ್ತು ಉರುಳುವ, ಕೆಳಗಿನ ಪುಟ್ಟ ಗಾಲಿಗಳ ಬಳೆ ಕದಲಲಿಲ್ಲ. ಉಕ್ಕಿ ಚೆಲ್ಲಿದ ಹಾಲು ಗಟ್ಟಿಯಾಗಿ ಅಂಟಿತ್ತು. ಹಾಲಿನಲ್ಲಿ ಹಳದಿ ಬಣ್ಣ, ಸುತ್ತಲೂ ಗೆರೆ ಎಳೆದ ಹಾಗೆ. ಮೂಸಿದಳು. ಅರಿಶಿನ.

ಅವಳಿಗೆ ಎಲ್ಲ ತಿಳಿಯಿತು. ಹಾಲಿಗೆ ಇರುವೆ ಮುತ್ತಿವೆ. ಯಂತ್ರ ಹಚ್ಚಿದಾಗ ಅವು ಒಳಗೆ ಸುಡಬಾರದೆಂದು ಅತ್ತೆ ಅರಿಶಿನದ ಗೆರೆ ಎಳೆದು ದೂರ ಇಟ್ಟಿದ್ದಾರೆ. ಬೆಲ್ಲದ ಡಬ್ಬಿಯ ಸುತ್ತ ಎಳೆಯುವ ಹಾಗೆಯೇ. ಅರಿಶಿನ ಹಾಲಿನಲ್ಲಿ ಕಲಸಿ ಗಾಲಿಗಳನ್ನು ಕಚ್ಚಿ ಹಿಡಿದಿದೆ. ಎಳೆತವೆಲ್ಲ ತಟ್ಟೆ ತಿರುಗಿಸುವ ನಡುವಿನ ಪ್ಲಾಸ್ಟಿಕ್ ಕಪ್ಲಿಂಗಿನ ಮೇಲೆ ಬಿದ್ದು ಅದು ಸೀಳಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಕಪ್ಲಿಂಗನ್ನು ಕೈಯಿಂದಲೇ ಮೇಲೆಳೆದು ಗಂಡನಿಗೆ ಕೊಟ್ಟಳು. “ಇದರ ಅಳತಿದ ತರ್ರಿ. ಅಂದಾಜಿಲೆ ತರಬ್ಯಾಡ್ರಿ.”

ಅವನು ಚಿಕ್ಕೋಡಿಗೆ ಹೋಗಿ ಬರುವಷ್ಟರಲ್ಲಿ ಬಳೆ, ತಟ್ಟೆ ತೊಳೆದು ಪೂರ್ತಿ ಒಣಗಿಸಿದ್ದಳು. ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಳು. ಹೊಸ ಕಪ್ಲಿಂಗ್ ಕೂರಿಸಿ, ಬಳೆ ಇಟ್ಟು, ತಟ್ಟೆ ಹೊಂದಿಸಿದಳು. ಖಾಲಿ ಓಡಿಸಬಾರದೆಂದು ಒಂದು ಕಪ್ ನೀರಿಟ್ಟು ಗುಂಡಿ ಒತ್ತಿದಳು. ತಟ್ಟೆ ಸಲೀಸಾಗಿ ತಿರುಗಿತು.

“ಭಾಳ ಶ್ಯಾಣೆ ಅದಿ ಬಿಡು,” ಎಂದ ಅಭಿನಂದನ.

ಚಂದ್ರಮತಿ ಬಂದಾಗ ತ್ರಿಶಲಾ ಮೆಲ್ಲಗೆ ಹೇಳಿದಳು: “ಅತ್ತಿ, ಅರಿಶಿಣ ಗಾಲಿಗೆ ಹತ್ತಿ ಹಿಂಗಾಗಿತ್ರಿ. ಇರಬಿ ಬಂದ್ರ ನನಗ ಹೇಳ್ರಿ, ಒರಸ್ತೇನಿ.”

“ನೀ ಬರೂ ತನಕ ಅವು ಸಾಯಬೇಕಿತ್ತೇನು?” ಚಂದ್ರಮತಿ ಹಾಸಿದ್ದ ಚಾಪೆಯ ಮೇಲೆ ಕುಳಿತರು. “ಇನ್ನ ಅದು ತಿರಗಿದ್ರೇನು, ಬಿಟ್ರೇನು. ನಿನ್ನೆ ಹೊತ್ತು ಮುಳುಗಿದ ಮ್ಯಾಲ ತಿಂದೆ. ಅದರ ಪ್ರಾಯಶ್ಚಿತ್ತಕ್ಕ ಮುನಿ ಮಹಾರಾಜರ ಮುಂದ ಒಪ್ಪತ್ತಿನ ನೇಮ ತಗೊಂಡೀನಿ. ದೀಪಾವಳಿಗೆ ಚಾತುರ್ಮಾಸ ಮುಗಿಯೂ ತನಕ ಮಧ್ಯಾಹ್ನ ಒಂದ ಊಟ.”

“ಸಕ್ಕರಿ ಕಾಯಿಲೆ ಐತಂತ ಅವರಿಗೆ ಹೇಳಿದ್ರೇನ್ರಿ?”

“ಅವರು ಕೇಳಲಿಲ್ಲ. ನಾ ಹೇಳಲಿಲ್ಲ.”

“ಅವ್ವಾ, ಹೋಗಿ ಹೇಳೂಣ ನಡಿ. ನೇಮ ಸಡ್ಲ ಮಾಡ್ತಾರ,” ಎಂದ ಮಗ.

“ನಿನ್ನ ಹೇಣತಿ ನೌಕರಿ ಸಲುವಾಗಿ ನಾ ನೇಮ ಮುರೀಲೇನು?”

ತ್ರಿಶಲಾ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಸಂಜೆಯ ಗುಳಿಗೆ ನಿಲ್ಲಿಸಿ ಎಂದರು, ಬೆಳಗಿನದನ್ನು ಕಡಿಮೆ ಮಾಡಿ ಮಧ್ಯಾಹ್ನದ ಊಟಕ್ಕೆ ಸರಿಸಿದರು. ಹೀಗೆ ಉಪವಾಸವಿರುವವರನ್ನು ಹಗಲು ಒಬ್ಬರೇ ಬಿಡಬೇಡಿ ಎಂದೂ ಹೇಳಿದರು.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗುವ ಹೊತ್ತಿನಲ್ಲಿ ಅವಳು ಸಂಘದ ಮ್ಯಾನೇಜರ್ ಜಿನ್ನಪ್ಪನವರಿಗೆ ಫೋನ್ ಹಚ್ಚಿದಳು.

“ಸಾಹೇಬ್ರ, ರಜಾ ಬೇಕಾಗಿತ್ರಿ.”

“ಎಷ್ಟ್ ದಿನವಾ?”

“ದೀಪಾವಳಿ ತನಕ್ರಿ.”

“ಅಲ್ಲೀ ತನಕ ಕೌಂಟರ್ ಖಾಲಿ ಇಡಾಕ ಬರೂದಿಲ್ಲ ತಂಗಿ. ಬ್ಯಾರೇದಾವ್ರನ್ನ ತಗೋಬೇಕಾಗ್ತೈತಿ.”

“ಗೊತ್ತೈತ್ರಿ,” ಎಂದಳು ತ್ರಿಶಲಾ. ಫೋನ್ ಇಟ್ಟು, ಮಧ್ಯಾಹ್ನದ ಊಟಕ್ಕೆ ಬೇಳೆ ಆರಿಸಲು ಕುಳಿತಳು.