ಕುಶಾಲಪ್ಪ ಮಾಸ್ಟ್ರು ಸರಿ ಮಾಡಿದ ಎಮ್ಮೆ

ಪುಂಜಾಲಕಟ್ಟೆಯ ಕುಶಾಲಪ್ಪ ಮಾಸ್ಟ್ರ ಕೈಗೆ ಕೊಟ್ಟ ಚಿತ್ರ ಹೋದ ಹಾಗೆಯೇ ವಾಪಸ್ಸು ಬಂದದ್ದು ಊರಲ್ಲಿ ಯಾರೂ ಕಂಡವರಿಲ್ಲ. ಕಾಗೆ ಬಿಡಿಸಿ ಕೊಟ್ಟರೆ ಅದಕ್ಕೆ ಗರಿ ಮೂಡುತ್ತಿತ್ತು, ಮನೆ ಬಿಡಿಸಿ ಕೊಟ್ಟರೆ ಮಾಡಿನ ಮೇಲೆ ಹಂಚುಗಳು ಒಂದೊಂದಾಗಿ ಬಂದು ಕೂರುತ್ತಿದ್ದವು. “ಸ್ವಲ್ಪ ಸರಿ ಮಾಡಿ ಕೊಡ್ತೇನೆ ಮಗಾ” ಎನ್ನುವುದು ಅವರ ಬಾಯಿಪಾಠ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಕಲಿಸುತ್ತ ಬಂದ ಮನುಷ್ಯ ತಿದ್ದದೆ ಬಿಟ್ಟದ್ದು ಹೆಡ್‌ಮಾಸ್ಟರ ಸಹಿಯೊಂದನ್ನೇ ಇರಬೇಕು. ಕೆಟ್ಟ ಮನಸ್ಸಿನಿಂದಲ್ಲ, ಪಾಪ. ಮಕ್ಕಳ ಚಿತ್ರ ಚೆಂದ ಕಾಣಲಿ ಎನ್ನುವ ಪ್ರೀತಿಯೇ. ಆದರೆ ಬಡಿಸಿದ್ದು ಹೆಚ್ಚಾದರೆ ಅಜೀರ್ಣ ಉಂಡವನಿಗೆ ತಾನೇ, ಬಡಿಸಿದವನಿಗೆಲ್ಲಿ ಗೊತ್ತಾಗಬೇಕು?

ಈ ಚಾಳಿ ಅವರಿಗೆ ಹತ್ತಿದ್ದು ಕಕ್ಕಿಂಜೆಯಲ್ಲಿ, ಹುಟ್ಟಿದೂರಲ್ಲಿ. ಹುಡುಗನಾಗಿದ್ದಾಗ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನುಗ್ಗಿ ಕೂತುಬಿಡುತ್ತಿದ್ದರು. ಅಲ್ಲಿ ರಾಕ್ಷಸ ವೇಷದ ತುಕ್ರಪ್ಪಣ್ಣ ಮುಖವನ್ನು ಕೊಟ್ಟು ಅಂಗಾತ ಮಲಗಿದರೆ, ಅಕ್ಕಿಹಿಟ್ಟಿನ ಚುಟ್ಟಿಯನ್ನು ಮುಳ್ಳುಮುಳ್ಳಾಗಿ ಇಡುವುದು ಇವರ ಕೆಲಸ. ಮೂರು ಗಂಟೆ ಹಿಡಿಯುತ್ತಿತ್ತು. “ಒಂದು ಚುಟ್ಟಿ ಕಮ್ಮಿಯಾದ್ರೆ ಅದು ರಾಕ್ಷಸ ಅಲ್ಲ ಮಾರಾಯ, ಬರೀ ಸಿಟ್ಟು ಬಂದ ಮನುಷ್ಯ” ಎಂದು ತುಕ್ರಪ್ಪಣ್ಣ ಹೇಳಿದ ಮಾತು ಹುಡುಗನ ತಲೆಯಲ್ಲಿ ಬೇರು ಬಿಟ್ಟಿತು. ಮುಂದೆ ಅವರ ಕ್ಲಾಸಿನಲ್ಲಿ ಕಲಿತ ಮಕ್ಕಳೆಲ್ಲ ಕಿರೀಟ, ಕೋರೆಹಲ್ಲು, ಉರಿಗಣ್ಣು ಬಿಡಿಸುವುದರಲ್ಲಿ ಎತ್ತಿದ ಕೈ.

ಎರಡು ಸಾವಿರದ ಎರಡನೆಯ ಇಸವಿ. ಪೇಟೆಯಲ್ಲಿ ಅಬ್ದುಲ್ ಶುಕೂರರ ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಅವರ ಸೊಸೆ, ತಂಗಿಯ ಮಗಳು ಶಮ್ನಾ, ನಾಲ್ಕು ಕಂಪ್ಯೂಟರ್ ಇಟ್ಟು ಕ್ಲಾಸು ನಡೆಸುತ್ತಿದ್ದಳು. ಅವಳೂ ಮಾಸ್ಟ್ರ ಶಿಷ್ಯೆಯೇ. ಬಿಡುವಿನಲ್ಲಿ ಅವಳೊಂದು ಆಟ ತಯಾರು ಮಾಡಿದ್ದಳು, ಹೆಸರು ‘ಟೈಮಿಂಗ್’. ಬಿ.ಸಿ.ರೋಡಿನಿಂದ ಚಾರ್ಮಾಡಿಗೆ ಬಸ್ಸು ಬಿಡಬೇಕು, ಹಿಂದಿನ ಬಸ್ಸು ಬಂದು ಮುಟ್ಟುವ ಮೊದಲು ತಲುಪಬೇಕು, ಅಷ್ಟೆ. ದಾರಿಯಲ್ಲಿ ನಾಯಿ, ಹೊಂಡ, ಕೈ ಅಡ್ಡ ಹಿಡಿದು ಹತ್ತದೆ ನಿಲ್ಲುವ ಅಜ್ಜ, ಹೀಗೆ ಶತ್ರುಗಳು. ಶಾಲೆ ಬಿಟ್ಟ ಮಕ್ಕಳು ಮೆಟ್ಟಿಲ ಮೇಲೆಲ್ಲ ಕ್ಯೂ ನಿಲ್ಲುತ್ತಿದ್ದರು. ಕೊನೆಯ ಹಂತಕ್ಕೆ ಶತ್ರು ಇನ್ನೂ ಇರಲಿಲ್ಲ. ಅದನ್ನು ಆಡುವವರೇ ಬಿಡಿಸಲಿ ಎಂದು ಶಮ್ನಾ ಸ್ಪರ್ಧೆ ಇಟ್ಟಳು. ಗ್ರಾಫ್ ಹಾಳೆಯಲ್ಲಿ ಉದ್ದಕ್ಕೆ ಹದಿನಾರು ಚೌಕ, ಅಗಲಕ್ಕೆ ಹದಿನಾರು ಚೌಕ. ಶತ್ರುವಿಗೆ ಒಂದೇ ಗುಣ, ಅದನ್ನು ಚಿತ್ರದ ಕೆಳಗೆ ಬರೆಯಬೇಕು. ಗೆದ್ದ ಚಿತ್ರ ಮಕ್ಕಳು ಬಿಡಿಸಿದ ಹಾಗೆಯೇ ಆಟದೊಳಗೆ ಬರುತ್ತದೆ ಎಂದು ಬಾಗಿಲಿಗೆ ಬರೆದು ಅಂಟಿಸಿದಳು.

ತೀರ್ಪು ಕೊಡುವುದು ಯಾರು? “ಚಿತ್ರ ಅಂದ್ಮೇಲೆ ಕುಶಾಲಪ್ಪ ಮಾಸ್ಟ್ರು, ಮತ್ತೆ ಯಾರು?” ಎಂದರು ಶುಕೂರ್. ಶಮ್ನಾ ಹೂಂ ಎಂದಳು. ಶನಿವಾರ ಅರವತ್ತನಾಲ್ಕು ಹಾಳೆಗಳ ಕಟ್ಟನ್ನು ಮಾಸ್ಟ್ರ ಕೈಗಿಡುವಾಗ, “ಸಾರ್, ಸುಮ್ಮನೆ ನೋಡಿ ಮಾರ್ಕ್ ಹಾಕಿದ್ರೆ ಸಾಕು, ಬೇರೆಂತ ಬೇಡ” ಎಂದು ಎರಡು ಸಲ ಹೇಳಿದಳು.

ಸೋಮವಾರ ಕಟ್ಟು ವಾಪಸ್ಸು ಬಂತು. ಮಾಸ್ಟ್ರ ಮುಖದಲ್ಲಿ ಮದುವೆ ಮುಗಿಸಿ ಬಂದವರ ಆಯಾಸ, ಸಂತೋಷ. ಶಮ್ನಾ ಬಿಚ್ಚಿ ನೋಡುತ್ತಾಳೆ, ಯಾ ಅಲ್ಲಾಹ್! ಅರವತ್ತನಾಲ್ಕೂ ಹಾಳೆಯಲ್ಲಿ ಇಂಡಿಯನ್ ಇಂಕಿನ ಅರವತ್ತನಾಲ್ಕು ರಾಕ್ಷಸರು!

“ಸಾರ್, ಇದೆಂತ ಮಾಡಿದ್ದು?”

“ಎಲ್ಲ ತೀರ ಸಪ್ಪೆ ಇತ್ತು ಮಗಾ. ಸ್ವಲ್ಪ ಸರಿ ಮಾಡಿದೆ.”

ಶಮ್ನಾ ಜಗಳವಾಡುವ ಹುಡುಗಿಯಲ್ಲ. ಒಂದು ರಾಕ್ಷಸನನ್ನು ಚೌಕ ಎಣಿಸಿ ಕಂಪ್ಯೂಟರಿಗೆ ಹಾಕಿ, ಮಾಸ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದಳು. ಪರದೆಯಲ್ಲಿ ಬೆರಳುಗುರಿನಷ್ಟು ದೊಡ್ಡ ಒಂದು ಕಪ್ಪು ಮುದ್ದೆ ಓಡಾಡಿತು. ಕಿರೀಟವೂ ಇಲ್ಲ, ಕೋರೆಯೂ ಇಲ್ಲ.

“ಇದು ಯಾರು?” ಎಂದು ಕೇಳಿದರು ಮಾಸ್ಟ್ರು.

“ನಿಮ್ಮದೇ ಸಾರ್. ಇಷ್ಟು ಸಣ್ಣದರಲ್ಲಿ ಅಷ್ಟೆಲ್ಲ ಕಾಣುವುದಿಲ್ಲ. ಬಸ್ಸು ಓಡಿಸುವವನಿಗೆ ಒಂದೇ ಸಲ ನೋಡಿದ್ರೆ ಗೊತ್ತಾಗ್ಬೇಕು.”

ಮಾಸ್ಟ್ರು ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಶಾಯಿಯ ಅಡಿಯ ಪೆನ್ಸಿಲ್ ಗೆರೆ ಹುಡುಕತೊಡಗಿದರು. ಹೆಚ್ಚಿನವುಗಳ ಅಡಿಯಲ್ಲಿದ್ದದ್ದೂ ರಾಕ್ಷಸರೇ. ನೋಡುವವರು ಕುಶಾಲಪ್ಪ ಸಾರ್ ಎಂದು ಗೊತ್ತಾದ ಮೇಲೆ ಮಕ್ಕಳು ಬೇರೆ ಏನು ಬಿಡಿಸಿಯಾರು? ನಲವತ್ತೊಂದನೆಯ ಹಾಳೆಯಲ್ಲಿ ಅವರ ಕೈ ನಿಂತಿತು. ಮೇಲೆ ಪಂಜು ಹಿಡಿದು ಅಬ್ಬರಿಸುವ ಕೋಣನ ತಲೆಯ ರಾಕ್ಷಸ. ಅಡಿಯಲ್ಲಿ ಒಂದು ಚಪ್ಪಟೆ ದೇಹ, ಎರಡು ಬಾಗಿದ ಗೆರೆಯ ಕೊಂಬು, ಮುಚ್ಚಿದ ಒಂದು ಕಣ್ಣು. ಹತ್ತು ಚೌಕವೂ ದಾಟದ ಎಮ್ಮೆ. ಕೆಳಗೆ ಗುಂಡು ಅಕ್ಷರದಲ್ಲಿ, ‘ಇದು ಏನೂ ಮಾಡುವುದಿಲ್ಲ. ರಸ್ತೆಯ ನಡುವೆ ಮಲಗಿರುತ್ತದೆ. ಹಾರನ್ ಹಾಕಿದರೂ ಏಳುವುದಿಲ್ಲ.’ ಹೆಸರು ಮೋಕ್ಷಿತಾ, ಹತ್ತನೆಯ ತರಗತಿ.

ಶಮ್ನಾ ಫಕ್ಕನೆ ನಕ್ಕುಬಿಟ್ಟಳು. “ಸಾರ್, ಇದೇ! ಕಕ್ಕಿಂಜೆ ದಾರಿಯಲ್ಲಿ ಬಸ್ಸು ನಿಲ್ಲಿಸುವುದು ಇದೇ ಅಲ್ವಾ?”

ಮಾಸ್ಟ್ರಿಗೆ ನಗು ಬರಲಿಲ್ಲ. ಅಂಥ ಎಮ್ಮೆಯನ್ನು ಕೊಂದು ಮೇಲೆ ರಾಕ್ಷಸನನ್ನು ಕೂರಿಸಿದ ಪಾಪಿ ತಾನೇ ಎನಿಸಿತು. ಬಿಡಿಸಿದ ಹಾಗೆಯೇ ಎಂದು ಶಮ್ನಾ ಮಕ್ಕಳಿಗೆ ಮಾತು ಕೊಟ್ಟಿದ್ದಾಳೆ, ಶುಕ್ರವಾರ ಫಲಿತಾಂಶ. ಹುಡುಗಿ ಮತ್ತೊಮ್ಮೆ ಬಿಡಿಸದಿದ್ದರೆ ಆ ಮಾತು ಹೋಯಿತು. ಆಕೆಯನ್ನು ಕೇಳಬೇಕಾದವರು ಹಾಳು ಮಾಡಿದವರೇ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಗುವಿನ ಮುಂದೆ ತಪ್ಪಾಯಿತು ಎಂದು ಹೇಳಿದವರಲ್ಲ ಅವರು. ಕೊಡೆ ಹಿಡಿದು ಮೆಟ್ಟಿಲಿಳಿದರು.

ಮೋಕ್ಷಿತಾಳ ಮನೆ ಪೇಟೆಯಿಂದ ಎರಡು ಮೈಲಿ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅವಳ ತಾಯಿ ಲೋಲಾಕ್ಷಿ ಮಾಸ್ಟ್ರನ್ನು ಕಂಡು ಮೊರ ಬದಿಗಿಟ್ಟು, ಮಗಳು ಏನೋ ಕಿತಾಪತಿ ಮಾಡಿರಬೇಕೆಂದು ಗಾಬರಿಯಲ್ಲೇ ಬೆಲ್ಲ ನೀರು ತಂದಿಟ್ಟರು. ಮಾಸ್ಟ್ರು ಬೆಲ್ಲ ಮುಟ್ಟಲಿಲ್ಲ. ಹಾಳೆಯನ್ನು ಹುಡುಗಿಯ ಮುಂದಿಟ್ಟು ನಿಂತೇ ಹೇಳಿದರು.

“ನಿನ್ನ ಎಮ್ಮೆಯನ್ನು ನಾನು ಹಾಳು ಮಾಡಿದೆ ಮಗಾ. ತಪ್ಪಾಯ್ತು. ಇನ್ನೊಮ್ಮೆ ಬಿಡಿಸಿ ಕೊಡ್ತೀಯಾ?”

ಹುಡುಗಿ ಹಾಳೆ ನೋಡಿದಳು, ಅಮ್ಮನನ್ನು ನೋಡಿದಳು. ಒಳಗೆ ಹೋಗಿ ಒಂದು ಹಳೆಯ ಪುಸ್ತಕ ತಂದು, ಅದರ ನಡುವಿನಿಂದ ಗ್ರಾಫ್ ಹಾಳೆಯೊಂದನ್ನು ತೆಗೆದಳು. ಅದೇ ಎಮ್ಮೆ. ಮುಚ್ಚಿದ ಅದೇ ಕಣ್ಣು.

“ಇಷ್ಟು ಬೇಗ ಹೇಗೆ?” ಎಂದರು ಮಾಸ್ಟ್ರು.

“ಮೊದಲೇ ಉಂಟು ಸಾರ್. ನಾವೆಲ್ಲ ಎರಡೆರಡು ಬಿಡಿಸುವುದು.”

“ಎರಡು ಯಾಕೆ?”

ಲೋಲಾಕ್ಷಿ ಮಗಳಿಗೆ ಕಣ್ಣು ಮಾಡಿದರು. ಆದರೆ ಹುಡುಗಿಯಲ್ಲಿ ಕುಹಕವೇನೂ ಇರಲಿಲ್ಲ, ಮಗ್ಗಿ ಕೇಳಿದರೆ ಹೇಳುವ ಹಾಗೆ ಹೇಳಿದಳು. “ಒಂದು ನಿಮಗೆ ಸರಿ ಮಾಡ್ಲಿಕ್ಕೆ. ಒಂದು ನಮಗೆ ಇಟ್ಕೊಳ್ಲಿಕ್ಕೆ.”

ಮಾಸ್ಟ್ರು ಜಗಲಿಯ ಅಂಚಿನಲ್ಲಿ ಕೂತುಬಿಟ್ಟರು. ಆ ಪುಸ್ತಕದಲ್ಲಿ ಇನ್ನೂ ಹಾಳೆಗಳಿದ್ದವು. “ಅದನ್ನೂ ನೋಡಬಹುದಾ?” ಎಂದು ಕೇಳಿದರು. ಹುಡುಗಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು, “ಅದು ಬೇಡ ಸಾರ್” ಎಂದಳು. ಅವರು ಒತ್ತಾಯ ಮಾಡಲಿಲ್ಲ. ಬೆಲ್ಲದ ತುಂಡು ಬಾಯಿಗೆ ಹಾಕಿ, ನೀರು ಕುಡಿದು, ಎಮ್ಮೆಯನ್ನು ಜೋಪಾನವಾಗಿ ಹಿಡಿದುಕೊಂಡು ಹೊರಟರು.

ಆದರೆ ಫಲಿತಾಂಶ ಹೇಳಲು ಮಾಸ್ಟ್ರು ಅವಸರ ಮಾಡಲಿಲ್ಲ. ಒಬ್ಬಳದ್ದನ್ನು ಮಾತ್ರ ನಿಜವಾಗಿ ನೋಡಿ ಬಹುಮಾನ ಕೊಟ್ಟರೆ ಉಳಿದವರಿಗೆ ಅನ್ಯಾಯ ಎಂದು, ಎಲ್ಲರೂ ಮನೆಯಲ್ಲಿಟ್ಟ ಇನ್ನೊಂದು ಚಿತ್ರ ತರಬೇಕೆಂದು ಬಾಗಿಲಿಗೆ ತಾವೇ ಬರೆದು ಅಂಟಿಸಿದರು. ಶುಕ್ರವಾರದೊಳಗೆ ಐವತ್ತೆರಡು ಬಂದವು. ಉರುಳುವ ಹಲಸಿನಹಣ್ಣು, ಬಸ್ಸಿಗೆ ಅಡ್ಡ ಬರುವ ಒಣಗಲು ಹಾಕಿದ ಸೀರೆ, ಮುಚ್ಚಳವಿಲ್ಲದ ಟಾರು ಡ್ರಮ್ಮು. ಮಾಸ್ಟ್ರಿಗೆ ರಾಕ್ಷಸ ಕೊಟ್ಟವರು ತಮಗೆಂದು ಇಟ್ಟುಕೊಂಡದ್ದರಲ್ಲಿ ಒಂದಕ್ಕೂ ಕೋರೆಹಲ್ಲಿರಲಿಲ್ಲ. ಮಾಸ್ಟ್ರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಜಿನ ಮೇಲೆ ಹರಡಿದ್ದ ಅವುಗಳನ್ನು ಬಗ್ಗಿ ಬಗ್ಗಿ ನೋಡಿದರು. ಎಮ್ಮೆಯೇ ಗೆದ್ದಿತು, ನ್ಯಾಯವಾಗಿಯೇ ಗೆದ್ದಿತು. ಮಕ್ಕಳು ಕೇಕೆ ಹಾಕಿಕೊಂಡು ಆಡತೊಡಗಿದರು, ಬಸ್ಸು ಹಾರನ್ ಹೊಡೆದು ಹೊಡೆದು ಸೋತಿತು.

ಎಲ್ಲ ಹೋದ ಮೇಲೆ ಶಮ್ನಾ ಕಂಪ್ಯೂಟರ್ ಆರಿಸುತ್ತಿದ್ದಳು. ಮಾಸ್ಟ್ರು ಬಾಗಿಲಲ್ಲೇ ನಿಂತಿದ್ದರು.

“ಶಮ್ನಾ, ನೀನೂ ಎರಡು ಬಿಡಿಸ್ತಿದ್ದೆಯಾ?”

ಅವಳು ತಲೆ ಎತ್ತಲಿಲ್ಲ. “ಹೂಂ ಸಾರ್.”

“ಇಟ್ಟಿದ್ದೀಯಾ?”

“ಮನೆಯಲ್ಲಿ ಟ್ರಂಕಿನಲ್ಲಿ ಉಂಟು.”

ಮಾಸ್ಟ್ರು ಎರಡೂ ಕೈಯನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು.

“ನಾಳೆ ಬರುವಾಗ ತಾ ಮಗಾ,” ಎಂದರು. “ಮುಟ್ಟುವುದಿಲ್ಲ.”