ಅರ್ಜಿದಾರರ ಹೆಸರಿನಲ್ಲಿ

ನನ್ನ ನೌಕರಿಗೆ ಸರಕಾರ ಇಟ್ಟ ಹೆಸರು ಅನುಕಂಪ. ಅಪ್ಪ ಕೆಲಸದಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಮಗಳಿಗೆ ಹದಿನೆಂಟು ತುಂಬಿದ ಮೇಲೆ ಸಿಕ್ಕ ಕೆಲಸ. ಕಾರವಾರದ ಆ ಕಚೇರಿಯಲ್ಲಿ ಮೊದಲ ವಾರ ಯಾರೂ ನನ್ನ ಹೆಸರು ಕೇಳಲಿಲ್ಲ, 'ಅನುಕಂಪದವಳು ಬಂದಳಾ' ಎಂದೇ ವಿಚಾರಿಸುತ್ತಿದ್ದರು. ಅಷ್ಟೆಲ್ಲ ಅನುಕಂಪ ಇದ್ದವರು ನನ್ನನ್ನು ಕೂರಿಸಿದ್ದು ಮಾತ್ರ ಹಿಂಬದಿಯ ರೆಕಾರ್ಡ್ ರೂಮಿನಲ್ಲಿ. ಒಂದೇ ಕಿಟಕಿ, ಅದೂ ಅರ್ಧ ಕಪಾಟಿನ ಹಿಂದೆ. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರೇನೋ. ನಾನು ಒಳಗೊಳಗೇ ಖುಷಿಪಟ್ಟೆ. ಏಕೆಂದರೆ ನನಗೆ ಅಪ್ಪನ ಕೈಬರಹ ಬೇಕಿತ್ತು.

ಅಪ್ಪ ಅದೇ ಇಲಾಖೆಯ ಅಂಕೋಲಾ ಶಾಖೆಯಲ್ಲಿ ಗುಮಾಸ್ತನಾಗಿದ್ದ. ನನಗೆ ಏಳು ವರ್ಷವಾಗಿದ್ದಾಗ ಹೋದ. ಅಮ್ಮ ಬಾಳೆಗುಳಿಯ ಬಾಡಿಗೆ ಮನೆ ಬಿಟ್ಟು ರಾಮನಗುಳಿಯಲ್ಲಿದ್ದ ತನ್ನ ಅಣ್ಣನ ಮನೆ ಸೇರಿದಳು. ಹೊಳೆ ನೀರು ಮನೆಯೊಳಗೆ ಬಂದ ಒಂದು ಮಳೆಗಾಲ ಅಪ್ಪನ ಟ್ರಂಕು ನೆನೆದು, ಅದರಲ್ಲಿದ್ದ ಕಾಗದವೆಲ್ಲ ಗಂಜಿಯಾಯಿತು. ಉಳಿದದ್ದು ಗೋಡೆಯ ಮೇಲಿನ ಒಂದು ಫೋಟೋ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ತೀರಿಕೊಂಡವರ ಅಕ್ಷರವನ್ನು ಎಲ್ಲರೂ ಹಾಗೇ ಹೊಗಳುತ್ತಾರೆ, ಅದರಿಂದ ನನಗೇನೂ ಕಾಣಿಸುತ್ತಿರಲಿಲ್ಲ. ಒಂದು ಸಾಲು ಸಾಕಿತ್ತು. ಕಿರಾಣಿ ಚೀಟಿಯಾದರೂ ಆದೀತು, ಅವನು ಬರೆದದ್ದಾಗಿರಬೇಕು, ಅಷ್ಟೇ.

ರೆಕಾರ್ಡ್ ಕೀಪರ್ ನಿವೃತ್ತಿಗೆ ಹತ್ತಿರವಾಗಿದ್ದವರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಪಾಠ ಹೇಳುತ್ತಿದ್ದರು. ಕಡತದ ಹಾಳೆಗಳಿಗೆ ಕ್ರಮವಾಗಿ ಪುಟಸಂಖ್ಯೆ ಹಾಕುವುದು. ಯಾರಾದರೂ ಕಡತ ಒಯ್ದರೆ ಅದಿದ್ದ ಜಾಗದಲ್ಲಿ ಒಯ್ದವರ ಹೆಸರಿನ ಚೀಟಿ ಇಡುವುದು. ಕೆಲಸ ಮುಗಿದ ಕಡತಕ್ಕೆ ಅಕ್ಷರ ಕೊಡುವುದು. ಎ ಎಂದರೆ ಕಾಯಂ. ಬಿ, ಸಿ ಅಂದರೆ ಇಂತಿಷ್ಟು ವರ್ಷ. ಡಿ ಎಂದರೆ ಸ್ವಲ್ಪ ಕಾಲದ ಅತಿಥಿ, ಅವಧಿ ಮುಗಿದ ಮೇಲೆ ಪಟ್ಟಿ ಮಾಡಿ, ಸಾಹೇಬರ ಸಹಿ ಹಾಕಿಸಿ ನಾಶಮಾಡುವುದು. ನಾನು ಮೊದಮೊದಲು ಕಡತ ಬಿಚ್ಚಿದರೆ ಓದುತ್ತ ಕೂತುಬಿಡುತ್ತಿದ್ದೆ. ಅವರಿಗೆ ಅದು ಸೇರುತ್ತಿರಲಿಲ್ಲ.

"ತಂಗಿ, ಮೇಲಿನ ವಿಷಯ ನೋಡು, ವರ್ಷ ನೋಡು, ಕಡೇ ಆದೇಶ ನೋಡು. ಮುಗೀತು. ಒಳಗೆ ಓದೂಕೆ ಕೂತ್ರೆ ನೀನು ಇಲ್ಲೇ ಮುದುಕಿ ಆಗೂದೇ."

ಅಪ್ಪನ ವಿಷಯ ಅವರಿಗೊಬ್ಬರಿಗೆ ಹೇಳಿದೆ. ಅವರು ಸೂಚಿ ಪುಸ್ತಕ ತೆಗೆದು ಹೆಸರು ಹುಡುಕಿದರು. ಒಂದೇ ಕಡೆ ಸಿಕ್ಕಿತು, ಅಪ್ಪನ ಸೇವಾ ಪುಸ್ತಕ. ಅದರಲ್ಲಿ ನೇಮಕ, ವರ್ಗಾವಣೆ, ಬಡ್ತಿ ಎಲ್ಲ ಇತ್ತು, ಎಲ್ಲ ಬೇರೆಯವರ ಕೈಯಲ್ಲಿ. ಅಪ್ಪನದು ಅಂತ ಇದ್ದದ್ದು ಪುಟಕ್ಕೊಂದು ಸಹಿ, ಅದೂ ಇಂಗ್ಲಿಷಿನಲ್ಲಿ, ಗೀಚಿದ ಹಾಗೆ. ಅವನ ಹೆಸರಿನ ಉಳಿದ ಕಾಗದಗಳು ಅವನು ತೀರಿಕೊಂಡಾಗಲೇ ಲೆಕ್ಕ ಮುಗಿಸಲೆಂದು ಕಾರವಾರಕ್ಕೆ ಬಂದು, ಅವಧಿ ತುಂಬಿ, ನಾಶವಾಗಿಯೂ ಆಗಿತ್ತು. ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿಟ್ಟು ಆ ಸಹಿಗಳನ್ನು ನೋಡುತ್ತಿದ್ದೆ. ಎಷ್ಟು ನೋಡಿದರೂ ಅವು ಸಹಿಗಳೇ.

ನಾನಿದ್ದ ಬಾಡಿಗೆ ಕೋಣೆಯ ಮನೆಯವರು ಒಳ್ಳೆಯವರು. ಆದರೆ ಅವರ ಮಾತೆಲ್ಲ ಕೊಂಕಣಿಯಲ್ಲಿ. ಅವರು ನಕ್ಕಾಗ ನಾನು ಒಂದು ಗಳಿಗೆ ತಡವಾಗಿ ನಗುತ್ತಿದ್ದೆ. ಹಗಲೆಲ್ಲ ಕಡತಗಳ ಜೊತೆ, ಸಂಜೆ ಅರ್ಥವಾಗದ ಮಾತಿನ ಜೊತೆ. ಹದಿನೈದು ದಿನಕ್ಕೊಮ್ಮೆ ರಾಮನಗುಳಿಗೆ ಹೋದರೆ ಅಲ್ಲಿಯೂ ನಾನು ನೆಂಟಳೇ. ಯಾರ ಮೇಲೂ ಸಿಟ್ಟಿರಲಿಲ್ಲ, ಆದರೂ ಆ ವರ್ಷಗಳಲ್ಲಿ ನಾನು ತೀರ ಒಂಟಿಯಾಗಿದ್ದೆ.

ಎರಡನೇ ವರ್ಷ ಅಂಕೋಲಾ ಶಾಖೆಯ ಹಳೆಯ ದಾಖಲೆಗಳೆಲ್ಲ ಕಾರವಾರಕ್ಕೆ ಬಂದವು. ಅಷ್ಟರಲ್ಲಿ ರೆಕಾರ್ಡ್ ಕೀಪರ್ ನಿವೃತ್ತರಾಗಿದ್ದರು. ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಟೆಂಪೋದಿಂದ ಇಳಿಯುತ್ತಿದ್ದಾಗ ನಾನೇ ಬಾಗಿಲಲ್ಲಿ ನಿಂತು ಒಂದೊಂದನ್ನೂ ಎಣಿಸಿಕೊಂಡೆ. ಅಪ್ಪ ಕೂತು ಎದ್ದ ಕಚೇರಿಯ ಕಾಗದಗಳವು. ಮೂರು ದಿನ ಬರೀ ಅವನ ಹೆಸರನ್ನೇ ಹುಡುಕಿದೆ. ವಿಷಯದಲ್ಲಿ ಇಲ್ಲ, ಸೂಚಿಯಲ್ಲಿ ಇಲ್ಲ. ನಾಲ್ಕನೇ ದಿನ ಇಷ್ಟೇ ನನ್ನ ಪಾಲು ಎಂದುಕೊಂಡು, ಕಲಿತ ಹಾಗೆ ಕೆಲಸಕ್ಕೆ ಕೂತೆ.

ಆ ಗಂಟುಗಳಲ್ಲಿ ಬಹುಪಾಲು ಸಿಬ್ಬಂದಿಯ ರಜೆ ಅರ್ಜಿಗಳು. ಡಿ ವರ್ಗ, ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಅರ್ಜಿದಾರರ ಹೆಸರು, ವರ್ಷ, ಮಂಜೂರಾದ ಆದೇಶ, ಇಷ್ಟನ್ನು ನೋಡುವುದು, ಪಟ್ಟಿಯಲ್ಲಿ ಒಂದು ಸಾಲು ಬರೆಯುವುದು, ಮುಂದಿನದಕ್ಕೆ ಹೋಗುವುದು. ಕೈ ಎಷ್ಟು ಪಳಗಿತ್ತೆಂದರೆ ಮಧ್ಯದ ಬರಹದ ಮೇಲೆ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಹದಿನೈದು ದಿನದಲ್ಲಿ ಪಟ್ಟಿ ಮುಗಿಯಿತು. ಸಾಹೇಬರು ಸಹಿ ಹಾಕುತ್ತ, ರೆಕಾರ್ಡ್ ರೂಮ್ ಅಂದರೆ ಹೀಗಿರಬೇಕು ಎಂದು ಎಲ್ಲರೆದುರು ಹೇಳಿದರು. ನಾನೇ ಮುಂದೆ ನಿಂತು ಅವನ್ನೆಲ್ಲ ಹರಿದು ಹಾಕಿಸಿ, ಚೀಲಕ್ಕೆ ತುಂಬಿಸಿ, ಕಾಗದದ ಗಿರಣಿಗೆ ಕಳಿಸಿದೆ. ಅವತ್ತು ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಳೆಗಾಲ ಕಳೆದ ಮೇಲೆ ಹಣಕೋಣದಿಂದ ಒಬ್ಬ ಮುದುಕರು ಬಂದರು. ಅಂಕೋಲಾ ಶಾಖೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಅವರ ಸೇವಾ ಪುಸ್ತಕದ ಒಂದು ಪುಟದ ನಕಲು ಬೇಕಿತ್ತು. ಸೇವಾ ಪುಸ್ತಕ ಕಾಯಂ ದಾಖಲೆ, ಎರಡು ನಿಮಿಷದಲ್ಲಿ ತೆಗೆದುಕೊಟ್ಟೆ. ಅವರು ನನ್ನ ಮುಖವನ್ನೇ ನೋಡಿ, ಯಾರ ಮಗಳು ಎಂದು ಕೇಳಿದರು. ಹೇಳಿದೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಶಾಖೆಯ ಜವಾನರು, ಡ್ರೈವರ್‌ಗಳು ಹೆಚ್ಚಿನವರು ಮನೆಯಲ್ಲಿ ಕೊಂಕಣಿ ಆಡುವವರು, ಕನ್ನಡ ಬರೆಯಲು ಬಾರದವರು. ರಜೆ ಬೇಕಾದಾಗಲೆಲ್ಲ ಅಪ್ಪನ ಮೇಜಿನ ಮುಂದೆ ನಿಲ್ಲುತ್ತಿದ್ದರಂತೆ. ಅವರು ಕೊಂಕಣಿಯಲ್ಲಿ ಕಷ್ಟ ಹೇಳುವುದು, ಅಪ್ಪ ಕೇಳಿ ಕೇಳಿ ಕನ್ನಡದಲ್ಲಿ ಬರೆಯುವುದು. ಮದುವೆ, ಬಾಣಂತನ, ಹೆಂಚು ಹೊದಿಸುವುದು, ಜ್ವರ. ಶಾಖೆಯ ರಜೆ ಅರ್ಜಿ ಅಂದರೆ ಅಪ್ಪನೇ ಬರೆದದ್ದು, ಹೆಸರಷ್ಟೇ ಬೇರೆಯವರದು ಎಂದು ಮುದುಕರು ನಕ್ಕರು.

ಅವನು ಏನು ಬರೆಯುತ್ತಿದ್ದ, ಒಂದಾದರೂ ನೆನಪಿದೆಯಾ ಎಂದು ಕೇಳಿದೆ.

"ಅದು ನಂಗೆ ಹೇಗೆ ಗೊತ್ತಾಗ್ಬೇಕು ತಂಗಿ? ಓದೂಕೆ ಬಂದ್ರೆ ನಾನೇ ಬರೀತಿದ್ದೆ ಅಲ್ದಾ? ನಾನು ಹೆಬ್ಬೆಟ್ಟು ಒತ್ತೂದು. ರಜೆ ಮಾತ್ರ ಒಂದು ಸಲವೂ ತಪ್ಪಿಲ್ಲ." ನಕಲನ್ನು ಜೇಬಿಗಿಟ್ಟುಕೊಂಡು ಏಳುತ್ತ ಮತ್ತೆ ಹೇಳಿದರು, "ಅವೆಲ್ಲ ಈಗ ನಿಮ್ಮ ಕೈಯಲ್ಲೇ ಇದ್ದಾವೆ. ಒಳ್ಳೇದಾಯ್ತು."

ಹೌದು ಎಂದೆ.

ಅವರು ಹೋದ ಮೇಲೆ ಒಂದಾದರೂ ಅಕ್ಷರ ನೆನಪಾದೀತೇ ಎಂದು ಕಣ್ಣು ಮುಚ್ಚಿ ಕೂತೆ. ನೂರಾರು ಹಾಳೆಗಳನ್ನು ಈ ಕೈಯಿಂದಲೇ ಮಗುಚಿದ್ದೆ. ಅವನ ಅಕ್ಷರ ದುಂಡಗಿತ್ತೋ ಓರೆಯಾಗಿತ್ತೋ, ಶಾಯಿ ನೀಲಿಯೋ ಕಪ್ಪೋ, ಏನೂ ಬರಲಿಲ್ಲ. ಎದ್ದು, ನಾಶಪಡಿಸಿದ ದಾಖಲೆಗಳ ಪಟ್ಟಿಯ ಪುಸ್ತಕ ತೆಗೆದೆ. ಆ ಪುಸ್ತಕವನ್ನು ಯಾವತ್ತೂ ನಾಶಮಾಡುವಂತಿಲ್ಲ, ಅದು ಎ ವರ್ಗ. ಜವಾನರ ಹೆಸರು, ಡ್ರೈವರ್‌ಗಳ ಹೆಸರು, ವರ್ಷ, ಪುಟದ ಮೇಲೆ ಪುಟ ಎಲ್ಲ ನನ್ನದೇ ಬರಹ. ಅದನ್ನು ಮೊದಲ ಸಾಲಿನಿಂದ ಓದುತ್ತ ಕೂತು ಅತ್ತೆ.